ಯಾದಗಿರಿ ದಾಟಿತು, ಶಹಾಪುರದಲ್ಲಿ ನಿಂತಿತು

ಮೂರು ಪುಟ್ಟ ಫೈಲುಗಳಿವೆ ಎಂದುಕೊಳ್ಳಿ. ಒಂದೊಂದರ ಮೊದಲ ಸಾಲಿನಲ್ಲೂ ಒಂದು ತಾಲ್ಲೂಕಿನ ಹೆಸರು ಕನ್ನಡದಲ್ಲಿದೆ: ಯಾದಗಿರಿ, ಶಹಾಪುರ, ಸುರಪುರ. ಹೆಸರಿನ ಕೆಳಗೆ ಆ ದಿನ ಬಿದ್ದ ಮಳೆಯ ಅಂಕಿಗಳು. ಮೂರನ್ನೂ ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಈಗ ಎಲ್ಲೆಡೆ ಚಾಲ್ತಿಯಲ್ಲಿರುವ ಯುಟಿಎಫ್-8 ರೂಪದಲ್ಲಿ ಉಳಿಸಲಾಗಿದೆ. ಇವನ್ನು ಒಂದೊಂದಾಗಿ ತೆರೆದು ಮಳೆಯ ಲೆಕ್ಕ ಕೂಡಿಸಲು ಹತ್ತು ಸಾಲಿನ ಪೈಥಾನ್ ಸ್ಕ್ರಿಪ್ಟ್ ಸಾಕು. ಅದನ್ನು ಇಂಗ್ಲಿಷ್ ವಿಂಡೋಸ್ ಇರುವ ಸಾಧಾರಣ ಕಂಪ್ಯೂಟರಿನಲ್ಲಿ ಓಡಿಸಿದರೆ ಒಂದು ವಿಚಿತ್ರ ಕಾಣಿಸುತ್ತದೆ. ಯಾದಗಿರಿಯ ಫೈಲು ಸರಾಗವಾಗಿ ತೆರೆದುಕೊಳ್ಳುತ್ತದೆ. ಶಹಾಪುರದ ಸರದಿ ಬಂದಾಗ ಪ್ರೋಗ್ರಾಮ್ ಅಲ್ಲೇ ನಿಂತು, 14ನೇ ಸ್ಥಾನದ ಬೈಟು ತನಗೆ ಅರ್ಥವಾಗುತ್ತಿಲ್ಲ ಎಂದು ದೂರುತ್ತದೆ. ಶಹಾಪುರವನ್ನು ಪಕ್ಕಕ್ಕಿಟ್ಟು ಸುರಪುರದ ಫೈಲು ಕೊಟ್ಟರೂ ಅದೇ ಗತಿ. ಈ ಸಲ ತಕರಾರು 5ನೇ ಸ್ಥಾನದಲ್ಲೇ.

ಅದೇ ಸ್ಕ್ರಿಪ್ಟು, ಅದೇ ಯಂತ್ರ, ಅದೇ ಲಿಪಿ. ಒಂದು ಊರು ಪಾಸಾಗಿ ಎರಡು ಊರು ಫೇಲಾದದ್ದೇಕೆ?

ತಂಟೆ ಮಾಡಿದ್ದು ಕೊಂಬು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಸ್ವರಚಿಹ್ನೆಗೂ ಮೂರು ಮೂರು ಬೈಟು. ಉಕಾರದ ಕೊಂಬಿನ ಮೂರು ಬೈಟುಗಳೆಂದರೆ 224, 179 ಮತ್ತು 129. ಫೈಲು ಯಾವ ಸಂಕೇತದಲ್ಲಿದೆ ಎಂದು ನಾವು ಹೇಳದಿದ್ದರೆ, ವಿಂಡೋಸ್‌ನಲ್ಲಿ ಪೈಥಾನ್ 3ರ ಬಹುತೇಕ ಆವೃತ್ತಿಗಳು ಆ ಯಂತ್ರದ ಹಳೆಯ ಕೋಷ್ಟಕವನ್ನೇ ಹಿಡಿದು ಓದತೊಡಗುತ್ತವೆ. ಇಂಗ್ಲಿಷ್ ಯಂತ್ರದಲ್ಲಿ ಅದು ಸಾಮಾನ್ಯವಾಗಿ 'ವಿಂಡೋಸ್ 1252'. ಪಶ್ಚಿಮ ಯುರೋಪಿನ ಭಾಷೆಗಳಿಗೆಂದು ಮಾಡಿದ ಈ ಕೋಷ್ಟಕದಲ್ಲಿ 256 ಮನೆಗಳಿದ್ದು, ಐದು ಖಾಲಿ ಇವೆ. ಆ ಖಾಲಿ ಮನೆಗಳಲ್ಲಿ 129 ಒಂದು. 'ಶಹಾಪುರ'ದಲ್ಲಿ ಪಕಾರದ ಕೊಂಬು, 'ಸುರಪುರ'ದಲ್ಲಿ ಸಕಾರದ ಕೊಂಬು ಆ ಖಾಲಿ ಮನೆಯ ಬಾಗಿಲು ತಟ್ಟುತ್ತವೆ. ಒಳಗೆ ಯಾರೂ ಇಲ್ಲ, ಪ್ರೋಗ್ರಾಮ್ ಮುಂದೆ ಹೋಗುವುದಿಲ್ಲ. 'ಯಾದಗಿರಿ'ಯಲ್ಲಿ ಕೊಂಬಿಲ್ಲ. ಅದರ ಬೈಟುಗಳಿಗೆಲ್ಲ ಕೋಷ್ಟಕದಲ್ಲಿ ಯಾವುದೋ ಒಂದು ಚಿಹ್ನೆ ಸಿಕ್ಕಿಬಿಡುತ್ತದೆ.

2018ರ ಹೊತ್ತಿಗೆ ಯಾದಗಿರಿ ಜಿಲ್ಲೆಗೆ ಇನ್ನೂ ಮೂರು ತಾಲ್ಲೂಕುಗಳು ಸೇರಿಕೊಂಡವು. ಅವನ್ನೂ ಇದೇ ಪರೀಕ್ಷೆಗೆ ಕೂರಿಸಿದರೆ ವಡಗೇರಾ ದಾಟುತ್ತದೆ. ಹುಣಸಗಿ ಮತ್ತು ಗುರುಮಠಕಲ್ ನಿಲ್ಲುತ್ತವೆ. ಗುರುಮಠಕಲ್‌ಗೆ ಎರಡು ಕೊಂಬಿನ ಜೊತೆಗೆ ಕೊನೆಯ ಅರ್ಧಾಕ್ಷರದ ಕಾಟವೂ ಇದೆ. ಅಕ್ಷರವನ್ನು ಅರ್ಧ ಮಾಡುವ ಚಿಹ್ನೆಯ ಕೊನೆಯ ಬೈಟು 141, ಅದೂ ಖಾಲಿ ಮನೆಯೇ. ಒಂದಾದರೂ ಒತ್ತಕ್ಷರ ಇರುವ ಯಾವ ಕನ್ನಡ ಫೈಲೂ ಈ ದಾರಿಯಲ್ಲಿ ಪಾರಾಗದು.

ಈಗ ಯಾದಗಿರಿಯತ್ತ ತಿರುಗಿ ನೋಡಬೇಕು. ಅದು ಪಾಸಾಯಿತು ಎಂದೆವಷ್ಟೆ. ಸ್ಕ್ರಿಪ್ಟಿನ ಹೊಟ್ಟೆ ಸೇರಿದ್ದು 'ಯಾದಗಿರಿ' ಅಲ್ಲ. ಏಳು ಚಿಹ್ನೆಗಳ ಆ ಹೆಸರು 21 ಚಿಲ್ಲರೆ ಗುರುತುಗಳ ಸಾಲಾಗಿ ಮಾರ್ಪಟ್ಟಿದೆ: ತಲೆಯ ಮೇಲೆ ಗೀಟಿರುವ ಯುರೋಪಿನ 'ಎ', ವರ್ಗದ ಪುಟ್ಟ ಎರಡು, ತಲೆಕೆಳಗಾದ ಪ್ರಶ್ನಾರ್ಥಕ, ಮುಕ್ಕಾಲಿನ ಗುರುತು. ಅದರ ಕೆಳಗಿನ ಅಂಕಿಗಳು ಮಾತ್ರ ಸರಿಯಾಗಿಯೇ ಇವೆ. ಹಾಗಾಗಿ ಯಾವ ಜಿಲ್ಲೆಗೂ ಸೇರದ, ಯಾವ ನಕ್ಷೆಯಲ್ಲೂ ಇಲ್ಲದ ಊರೊಂದರಲ್ಲಿ ಇಷ್ಟು ಮಿಲಿಮೀಟರ್ ಮಳೆಯಾಯಿತು ಎಂದು ಸ್ಕ್ರಿಪ್ಟು ಗಂಭೀರವಾಗಿ ದಾಖಲಿಸಿಕೊಳ್ಳುತ್ತದೆ.

ಮೇಲ್ನೋಟಕ್ಕೆ ಎರಡು ಫೈಲು ಕೈಕೊಟ್ಟವು, ಒಂದು ನಡೆಯಿತು. ಕೆಲಸದ ದೃಷ್ಟಿಯಿಂದ ನೋಡಿದರೆ ಶಹಾಪುರ ಮತ್ತು ಸುರಪುರ ಇದ್ದದ್ದನ್ನು ಇದ್ದಂತೆ ಹೇಳಿದವು; ಸುಳ್ಳು ಹೇಳಿದ್ದು ಯಾದಗಿರಿ. ಮೊದಲೆರಡನ್ನು ಸರಿಪಡಿಸಲು ಫೈಲು ತೆರೆಯುವ ಸಾಲಿನಲ್ಲಿ 'ಇದು ಯುಟಿಎಫ್-8' ಎಂದು ಒಂದು ಮಾತು ಸೇರಿಸಿದರೆ ಮುಗಿಯಿತು. ಮೂರನೆಯದರಲ್ಲಿ ಸರಿಪಡಿಸಬೇಕಾದದ್ದು ಇದೆ ಎಂದು ಗೊತ್ತಾಗುವುದಾದರೂ ಹೇಗೆ?

ಪ್ರೋಗ್ರಾಮ್ ಬರೆಯುವಾಗ ಆಗುವ ತಪ್ಪುಗಳಲ್ಲಿ ಕೆಲವು ಓಡುವ ಮೊದಲೇ ಸಿಕ್ಕಿಬೀಳುತ್ತವೆ. ಕಂಸ ಮುಚ್ಚದಿದ್ದರೆ ಪೈಥಾನ್ ಮೊದಲ ಹೆಜ್ಜೆಯನ್ನೂ ಇಡುವುದಿಲ್ಲ. ಶಹಾಪುರದಲ್ಲಿ ಕಂಡಂಥ ರನ್‌ಟೈಮ್ ಎರರ್ ಆ ಜಾತಿಯದಲ್ಲ. ಸಾಲು ವ್ಯಾಕರಣಬದ್ಧವಾಗಿಯೇ ಇರುತ್ತದೆ, ಓಡುವಾಗ ಎದುರಾದ ಸಂಗತಿ ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಫೈಲು ಇರಬೇಕಾದ ಜಾಗದಲ್ಲಿಲ್ಲ, ಯಾವುದರಿಂದ ಭಾಗಿಸಬೇಕೋ ಆ ಸಂಖ್ಯೆ ಸೊನ್ನೆ, ಅಂಕಿ ಇರಬೇಕಾದಲ್ಲಿ ಗೆರೆ ಎಳೆದಿದ್ದಾರೆ, ನೆಟ್‌ವರ್ಕ್ ಇಲ್ಲ. 1991ರಲ್ಲಿ ಹೊರಬಂದ ಪೈಥಾನ್‌ನಂಥ ಸ್ಕ್ರಿಪ್ಟಿಂಗ್ ಭಾಷೆಗಳಲ್ಲಿ ಇದರ ಹಾವಳಿ ತುಸು ಜಾಸ್ತಿಯೇ. ಒಂದು ಹೆಸರಿನ ಕಾಗುಣಿತ ತಪ್ಪಿದ್ದರೂ ಆ ಸಾಲು ಓಡುವವರೆಗೆ ಅದು ಬೆಳಕಿಗೆ ಬರುವುದಿಲ್ಲ.

ಇದರ ಅಪಾಯ ಕೃಷ್ಣೆಯ ದಂಡೆಯವರಿಗೆ ಬೇಗ ಅರ್ಥವಾದೀತು. ನಾರಾಯಣಪುರದ ಬಸವಸಾಗರ ಜಲಾಶಯದ ಗರಿಷ್ಠ ಮಟ್ಟ 492.25 ಮೀಟರ್. ನೀರಿನ ಮಟ್ಟ ಅದನ್ನು ಮುಟ್ಟಿದಾಗ ಎಸ್ಎಂಎಸ್ ಕಳಿಸು ಎಂದು ಯಾರೋ ಸ್ಕ್ರಿಪ್ಟ್ ಬರೆದರು ಎನ್ನಿ. ಎಸ್ಎಂಎಸ್ ಕಳಿಸುವ ಸಾಲಿನಲ್ಲೇ ಒಂದಕ್ಷರ ತಪ್ಪಿದೆ. ಬೇಸಿಗೆಯಲ್ಲಿ ದಿನವೂ ಸ್ಕ್ರಿಪ್ಟು ಚೆನ್ನಾಗಿಯೇ ಓಡುತ್ತದೆ, ಏಕೆಂದರೆ ಆ ಸಾಲಿನ ತನಕ ಹೋಗುವ ಪ್ರಸಂಗವೇ ಬರುವುದಿಲ್ಲ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ನಾರಾಯಣಪುರದಿಂದ ಲಕ್ಷಗಟ್ಟಲೆ ಕ್ಯೂಸೆಕ್ ನೀರು ಹೊರಬಿದ್ದು, ಕೆಳಗೆ ಕೊಳ್ಳೂರು ಸೇತುವೆ ಮುಳುಗಿತಲ್ಲ, ಅಂಥ ದಿನವೇ ಆ ಸಾಲು ಮೊದಲ ಬಾರಿಗೆ ಓಡುವುದು. ತಪ್ಪು ಬಯಲಾಗುವುದೂ ಅಂದೇ. ದೋಷ ನಿಭಾಯಿಸುವ ಕೋಡು ಇಡೀ ಪ್ರೋಗ್ರಾಮಿನಲ್ಲೇ ಅತಿ ಕಡಿಮೆ ಓಡುವ, ಅತಿ ಕಡಿಮೆ ಪರೀಕ್ಷೆಗೊಳಗಾಗುವ ಭಾಗ. ಅನುಭವಸ್ಥರು ಬೇಸಿಗೆಯಲ್ಲೇ ಸ್ಕ್ರಿಪ್ಟಿಗೆ ಸುಳ್ಳು ಪ್ರವಾಹ ತೋರಿಸಿ ನೋಡುವುದು ಇದಕ್ಕಾಗಿಯೇ.

ದೋಷ ಎದುರಾದಾಗ ಪೈಥಾನ್ ಮಾಡುವ ಕೆಲಸಕ್ಕೆ ಎಕ್ಸೆಪ್ಶನ್ ಎತ್ತುವುದು ಎನ್ನುತ್ತಾರೆ. ಕೆಲಸ ಅಲ್ಲಿಗೇ ನಿಲ್ಲುತ್ತದೆ. 'ಇಂಥದ್ದಾಗಿದೆ, ಯಾರಾದರೂ ನೋಡಿಕೊಳ್ಳುವಿರಾ' ಎಂಬ ಕರೆ, ಆ ಸಾಲನ್ನು ಕರೆದ ಫಂಕ್ಷನ್ನಿಗೆ, ಅದನ್ನು ಕರೆದ ಮತ್ತೊಂದಕ್ಕೆ, ಹೀಗೆ ಮೇಲೆ ಮೇಲೆ ಹೋಗುತ್ತದೆ. ಯಾರೂ ಓಗೊಡದಿದ್ದರೆ ಪ್ರೋಗ್ರಾಮ್ ನಿಂತು, ಕರೆ ಹಾದುಬಂದ ದಾರಿಯನ್ನೆಲ್ಲ ತೆರೆಯ ಮೇಲೆ ಕಾರುತ್ತದೆ. ಇದೇ ಟ್ರೇಸ್‌ಬ್ಯಾಕ್. ಹೊಸಬರು ಇದನ್ನು ಮೇಲಿನಿಂದ ಓದಲು ಹೋಗಿ ಹೆದರುತ್ತಾರೆ. ಓದಬೇಕಾದದ್ದು ಕೊನೆಯ ಸಾಲನ್ನು, ಆಮೇಲೆ ಅದರ ಮೇಲಿನದನ್ನು. ಏನಾಯಿತು ಎಂಬುದು ತಳದಲ್ಲಿದೆ, ಎಲ್ಲಿಂದ ಶುರುವಾಯಿತು ಎಂಬುದು ತುದಿಯಲ್ಲಿ. 2022ರಲ್ಲಿ ಬಂದ 3.11ನೇ ಆವೃತ್ತಿಯಿಂದೀಚೆಗೆ ಸಾಲಿನೊಳಗೆ ಎಡವಿದ ಜಾಗಕ್ಕೇ ಪೈಥಾನ್ ಗುರುತು ಹಾಕಿ ತೋರಿಸುತ್ತದೆ.

ಕರೆಗೆ ಓಗೊಡುವವರನ್ನು ಮೊದಲೇ ನಿಲ್ಲಿಸಿಡಲು ಇರುವ ಏರ್ಪಾಡು 'ಟ್ರೈ' ಮತ್ತು 'ಎಕ್ಸೆಪ್ಟ್'. ಈ ಕೆಲಸ ಮಾಡಿ ನೋಡು, ಇಂಥ ದೋಷ ಬಂದರೆ ಹೀಗೆ ಮಾಡು. ಇದರಲ್ಲಿ 'ಇಂಥ' ಎಂಬ ಮಾತಿಗೇ ತೂಕ. ಅದನ್ನು ಬಿಟ್ಟು, ಯಾವ ದೋಷ ಬಂದರೂ ಸರಿ, ಸುಮ್ಮನೆ ಮುಂದೆ ಹೋಗು ಎಂದು ಬರೆಯಲೂ ಪೈಥಾನ್ ಅವಕಾಶ ಕೊಡುತ್ತದೆ. ಎರಡೇ ಸಾಲು: 'ಎಕ್ಸೆಪ್ಟ್', ಅದರ ಕೆಳಗೆ 'ಪಾಸ್'. ಕೆಲಸ ಮುಗಿಸುವ ಅವಸರದಲ್ಲಿರುವವರಿಗೆ ಇದಕ್ಕಿಂತ ಹಿತವಾದ ಔಷಧವಿಲ್ಲ. ಫೈಲು ಇಲ್ಲದಿರುವುದನ್ನು ಮಾತ್ರವಲ್ಲ, ಪ್ರೋಗ್ರಾಮರ್ ತಾನೇ ಮಾಡಿದ ಕಾಗುಣಿತದ ತಪ್ಪನ್ನೂ ಅದು ನುಂಗಿ ನೀರು ಕುಡಿಯುತ್ತದೆ. ಅಂಥ ಎರಡು ಸಾಲು ಕೊನೆಯಿಲ್ಲದೆ ಸುತ್ತುವ ಲೂಪಿನೊಳಗೆ ಇದ್ದರೆ ಕಂಟ್ರೋಲ್-ಸಿ ಒತ್ತಿದರೂ ಪ್ರೋಗ್ರಾಮ್ ನಿಲ್ಲುವುದಿಲ್ಲ, ಏಕೆಂದರೆ ನಿಲ್ಲು ಎಂಬ ಆ ಆಜ್ಞೆಯೂ ಒಳಗೆ ಒಂದು ಎಕ್ಸೆಪ್ಶನ್ ಆಗಿಯೇ ಬರುತ್ತದೆ!

ಊರ ಹೆಸರುಗಳಿಗೇ ಮರಳೋಣ. ಹೆಸರು ಕೊಟ್ಟರೆ ಅಂಕಿ ಕೊಡುವ ಪಟ್ಟಿಗೆ ಪೈಥಾನ್‌ನಲ್ಲಿ ಡಿಕ್ಷನರಿ ಎನ್ನುತ್ತಾರೆ. ಪಟ್ಟಿಯಲ್ಲಿ ಇಲ್ಲದ ಹೆಸರು ಕೇಳಿದರೆ ಬರುವುದು ಕೀ ಎರರ್. ಈ ಭಾಗದ ಅಂಕಿಅಂಶ ಜೋಡಿಸುವವರಿಗೆ ಇದು ನಿತ್ಯದ ಗೋಳು. 2011ರ ಜನಗಣತಿಯ ಇಂಗ್ಲಿಷ್ ಪಟ್ಟಿಯಲ್ಲಿ ಸುರಪುರ ಇರುವುದು ಶೋರಾಪುರ್ ಎಂದು. ವಿಧಾನಸಭಾ ಕ್ಷೇತ್ರದ ಹೆಸರೂ ಅದೇ. ಬೇರೆ ಕಡೆ ಸುರ್ಪುರ್, ಸುರಪುರ. ಶಹಾಪುರಕ್ಕೆ ಒಂದು ಕಡೆ ರೋಮನ್ ಲಿಪಿಯ 'ಎ' ಒಂದು ಹೆಚ್ಚು, ಇನ್ನೊಂದು ಕಡೆ ಒಂದು ಕಡಿಮೆ. 2014ರ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಯಾದಗಿರಿ ಜಿಲ್ಲೆಯೇ ಹುಟ್ಟಿದ್ದು 2009ರ ಕೊನೆಯಲ್ಲಿ, ಗುಲ್ಬರ್ಗದಿಂದ ಬೇರೆಯಾಗಿ. ಅದಕ್ಕೂ ಹಿಂದಿನ ವರ್ಷಗಳ ಜಿಲ್ಲಾವಾರು ಪಟ್ಟಿಯಲ್ಲಿ ಯಾದಗಿರಿ ಎಂಬ ಜಿಲ್ಲೆಯನ್ನು ಹುಡುಕಿದರೆ ಸಿಗುವುದು ಕೀ ಎರರ್ ಒಂದೇ.

ಇದಕ್ಕೆ ಸುಲಭದ ಉಪಾಯವೊಂದಿದೆ: ಹೆಸರು ಸಿಗದಿದ್ದರೆ ಸೊನ್ನೆ ಎಂದುಕೋ ಎಂದು ಬರೆಯುವುದು. ಸ್ಕ್ರಿಪ್ಟು ಚಕಾರವೆತ್ತದೆ ಓಡುತ್ತದೆ. ಜನಗಣತಿಯ ಪ್ರಕಾರ 2011ರಲ್ಲಿ 11.74 ಲಕ್ಷ ಜನರಿದ್ದ ಜಿಲ್ಲೆಯ ಮೊತ್ತದಿಂದ ಒಂದಿಡೀ ಸುರಪುರ ತಾಲ್ಲೂಕು ಕಾಣೆಯಾಗಿರುತ್ತದೆ. ಹಾಗೆ ಸೊನ್ನೆ ತುಂಬುವ ಬದಲು, ಸಿಗದ ಹೆಸರುಗಳನ್ನೆಲ್ಲ ಒಂದೆಡೆ ಕೂಡಿಹಾಕಿ ಕೊನೆಗೆ 'ಈ ನಾಲ್ಕು ಹೆಸರು ಹೊಂದಲಿಲ್ಲ' ಎಂದು ತೋರಿಸಿ ನಿಲ್ಲುವ ಸ್ಕ್ರಿಪ್ಟು ಬರೆಯಲು ಹಿಡಿಯುವ ಸಮಯ ಹತ್ತು ನಿಮಿಷವೂ ಅಲ್ಲ.

ಸುಮ್ಮನಿರುವ ವಿಷಯದಲ್ಲಿ ಜಾವಾಸ್ಕ್ರಿಪ್ಟ್ ಪೈಥಾನ್‌ನ ಅಣ್ಣ. 1995ರಲ್ಲಿ ಬ್ರೆಂಡನ್ ಐಕ್ ಅದನ್ನು ರೂಪಿಸಿದ್ದು ವೆಬ್ ಪುಟಗಳಿಗಾಗಿ. ಪುಟ ಮಾಡಿದವನ ತಪ್ಪಿಗೆ ಪುಟ ನೋಡುವವನು ದಂಡ ತೆರಬಾರದು ಎಂಬುದು ಅಲ್ಲಿನ ಧೋರಣೆ. ಟ್ರೈ-ಕ್ಯಾಚ್ ಎಂಬ ಏರ್ಪಾಡು ಆ ಭಾಷೆಯ ಮಾನಕಕ್ಕೆ ಸೇರಿದ್ದೇ 1999ರ ಮೂರನೇ ಆವೃತ್ತಿಯಲ್ಲಿ. ಸೊನ್ನೆಯಿಂದ ಭಾಗಿಸಿದರೆ ಪೈಥಾನ್ ತಡೆದು ನಿಲ್ಲುತ್ತದೆ, ಜಾವಾಸ್ಕ್ರಿಪ್ಟ್ 'ಅನಂತ' ಎಂದು ಉತ್ತರ ಕೊಟ್ಟು ಮುಂದುವರಿಯುತ್ತದೆ. ವೆಬ್ ಪುಟಕ್ಕೆ ಇದು ನಡೆದೀತು. ಲೆಕ್ಕಪತ್ರಕ್ಕೆ ಹೇಗೆ ನಡೆದೀತು?

ಅಣೆಕಟ್ಟಿನ ಹೊರಹರಿವು 2,50,000 ಕ್ಯೂಸೆಕ್ ಎಂದು ನಾವು ಅಲ್ಪವಿರಾಮ ಹಾಕಿಯೇ ಬರೆಯುವುದು. ಆ ಬರಹವನ್ನು ಜಾವಾಸ್ಕ್ರಿಪ್ಟ್‌ನ 'ಪಾರ್ಸ್‌ಇಂಟ್' ಕೈಗೆ ಕೊಟ್ಟು ಸಂಖ್ಯೆ ಮಾಡಿಕೊಡು ಎಂದರೆ, ಮೊದಲ ಅಲ್ಪವಿರಾಮ ಕಂಡಲ್ಲಿಗೇ ಓದು ನಿಲ್ಲಿಸಿ 2 ಎಂದು ಕೊಡುತ್ತದೆ. ಎರಡೂವರೆ ಲಕ್ಷ ಕ್ಯೂಸೆಕ್ ಪ್ರವಾಹ ಎರಡು ಕ್ಯೂಸೆಕ್ ಆಯಿತು, ಎಲ್ಲೂ ದೋಷದ ಸುಳಿವಿಲ್ಲ. ಅದೇ ಬರಹವನ್ನು ಪೈಥಾನ್‌ಗೆ ಕೊಟ್ಟರೆ ವ್ಯಾಲ್ಯೂ ಎರರ್ ಎಂದು ಹೇಳಿ ತಿರಸ್ಕರಿಸುತ್ತದೆ. ಕನ್ನಡಿಗರಿಗೆ ಖುಷಿ ಕೊಡುವ ಸಂಗತಿಯೂ ಇಲ್ಲಿದೆ: ಕನ್ನಡ ಅಂಕಿಯಲ್ಲಿ ೪೯೨ ಎಂದು ಬರೆದುಕೊಟ್ಟರೆ ಪೈಥಾನ್ ತಕರಾರಿಲ್ಲದೆ 492 ಎಂದು ಓದಿಕೊಳ್ಳುತ್ತದೆ. ಯೂನಿಕೋಡ್‌ನಲ್ಲಿ ಅಂಕಿ ಎಂದು ಗುರುತಿಸಿದ ಎಲ್ಲ ಲಿಪಿಗಳ ಅಂಕಿಗೂ ಅದರಲ್ಲಿ ಮಾನ್ಯತೆ ಇದೆ. ಜಾವಾಸ್ಕ್ರಿಪ್ಟ್‌ಗೆ ಕೊಟ್ಟರೆ ಬರುವ ಉತ್ತರ 'ಇದು ಸಂಖ್ಯೆಯಲ್ಲ' ಎಂದು ಹೇಳುವ 'ನ್ಯಾನ್'.

ಈ ನ್ಯಾನ್ ಒಂದು ವಿಶೇಷ ಪ್ರಾಣಿ. ಪೈಥಾನ್‌ನಲ್ಲೂ ಇದೆ. ಅದಕ್ಕೆ ಏನನ್ನು ಕೂಡಿಸಿದರೂ ನ್ಯಾನ್, ಯಾವುದರಿಂದ ಗುಣಿಸಿದರೂ ನ್ಯಾನ್. ಯಾವ ಸಂಖ್ಯೆಗಿಂತಲೂ ಅದು ದೊಡ್ಡದಲ್ಲ, ಚಿಕ್ಕದೂ ಅಲ್ಲ, ತನಗೆ ತಾನೇ ಸಮನೂ ಅಲ್ಲ. ಮಟ್ಟ ಅಳೆಯುವ ಸಂವೇದಕ ಕೆಟ್ಟು ನ್ಯಾನ್ ಕಳಿಸತೊಡಗಿತು ಎನ್ನಿ. 'ಮಟ್ಟ 492.25ಕ್ಕಿಂತ ಹೆಚ್ಚಿದ್ದರೆ ಎಚ್ಚರಿಸು' ಎಂಬ ಸಾಲು ಪ್ರತಿ ಸಲವೂ ಪ್ರಾಮಾಣಿಕವಾಗಿ 'ಇಲ್ಲ' ಎನ್ನುತ್ತದೆ. ಎಚ್ಚರಿಕೆ ಬರುವುದೇ ಇಲ್ಲ. ಅದೇ ಸಾಲನ್ನು ತಿರುಗಿಸಿ, 'ಮಟ್ಟ 492.25 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮಾತ್ರ ಸುಮ್ಮನಿರು, ಉಳಿದೆಲ್ಲ ಸಂದರ್ಭದಲ್ಲಿ ಎಚ್ಚರಿಸು' ಎಂದು ಬರೆದರೆ ನ್ಯಾನ್ ಬಂದಾಗಲೂ ಗಂಟೆ ಹೊಡೆಯುತ್ತದೆ. ಗಣಿತದ ಕಣ್ಣಿಗೆ ಎರಡೂ ಒಂದೇ, ಕೆಟ್ಟ ಸಂವೇದಕದ ಮುಂದೆ ಬೇರೆ ಬೇರೆ.

ಮಳೆಯ ಅಂಕಿಯಲ್ಲಿ ಈ ಸೂಕ್ಷ್ಮ ಇನ್ನೂ ಹತ್ತಿರದಿಂದ ತಟ್ಟುತ್ತದೆ. ಕರ್ನಾಟಕದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ಅಳವಡಿಸಿದೆ. ಬಯಲಿನಲ್ಲಿ ನಿಂತ ಈ ಯಂತ್ರಗಳು ಮೊಬೈಲ್ ನೆಟ್‌ವರ್ಕ್ ಮೂಲಕ ಅಂಕಿ ಕಳಿಸುತ್ತವೆ. ಯಾವುದೇ ಇಂಥ ಜಾಲದಲ್ಲಿ ಕೆಲವು ದಿನ ಕೆಲವು ಯಂತ್ರಗಳಿಂದ ಅಂಕಿ ಬರದೇ ಹೋಗುವುದು ಸಹಜ. ಮೂರು ಮಾಪಕಗಳಿವೆ, ಒಂದರಲ್ಲಿ 24 ಮಿಲಿಮೀಟರ್, ಇನ್ನೊಂದರಲ್ಲಿ 18, ಮೂರನೆಯದು ಮೌನ. ಮೌನವನ್ನು ಬಿಟ್ಟು ಸರಾಸರಿ ತೆಗೆದರೆ 21. ಮೌನಕ್ಕೆ ಸೊನ್ನೆ ಬರೆದುಕೊಂಡರೆ 14. ತೊಗರಿ ಬಿತ್ತಿ ಮುಗಿಲು ನೋಡುತ್ತಿರುವ ಊರಿನಲ್ಲಿ ಈ ಏಳು ಮಿಲಿಮೀಟರು ಸಣ್ಣದಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ಇಂಥ ಅಂಕಿಗಳ ಮೇಲೆಯೇ. ಪೈಥಾನ್‌ನಲ್ಲಿ 'ನನ್' ಎಂಬ ಮೌಲ್ಯ ಇರುವುದು ಇದಕ್ಕಾಗಿ: ಮಳೆ ಬಂದಿಲ್ಲ ಎಂದಲ್ಲ, ಮಾಹಿತಿ ಬಂದಿಲ್ಲ ಎಂದು ಹೇಳಲು. ಅದನ್ನು ಯಾರಾದರೂ ಮರೆತು ಕೂಡಿಸಲು ಹೋದರೆ ಟೈಪ್ ಎರರ್ ಬರುತ್ತದೆ. ಬರಬೇಕಾದದ್ದೇ.

ಅನುಮಾನದ ಅಂಕಿಯನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ವಿಜ್ಞಾನದ ಇತಿಹಾಸದಲ್ಲಿ ಪ್ರಸಿದ್ಧ ಪ್ರಸಂಗವೊಂದಿದೆ. 1985ರ ಮೇ ತಿಂಗಳಲ್ಲಿ ಜೋಸೆಫ್ ಫಾರ್ಮನ್, ಬ್ರಯನ್ ಗಾರ್ಡಿನರ್ ಮತ್ತು ಜೊನಾಥನ್ ಶಾಂಕ್ಲಿನ್ ಎಂಬ ಬ್ರಿಟಿಷ್ ವಿಜ್ಞಾನಿಗಳು ಅಂಟಾರ್ಕ್ಟಿಕದ ಮೇಲೆ ಓಝೋನ್ ವಿಪರೀತ ತೆಳ್ಳಗಾಗಿರುವುದನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರ ಬಳಿ ಇದ್ದದ್ದು ನೆಲದ ಮೇಲಿನ ಹಳೆಯ ಉಪಕರಣ. ಆಕಾಶದಲ್ಲಿ ನಾಸಾದ ನಿಂಬಸ್-7 ಉಪಗ್ರಹ ವರ್ಷಗಳಿಂದ ಅದೇ ಓಝೋನನ್ನು ಅಳೆಯುತ್ತಿತ್ತು. ಅದಕ್ಕೇಕೆ ಕಾಣಲಿಲ್ಲ? ಅಸಾಧ್ಯವೆನಿಸಿದ ಅಂಕಿಗಳನ್ನು ನಾಸಾದ ಸಾಫ್ಟ್‌ವೇರ್ ಬಿಸಾಡಿಬಿಟ್ಟಿತ್ತು ಎಂಬ ಕಥೆ ಬಹಳ ಓಡಾಡುತ್ತದೆ, ಪಠ್ಯಗಳಲ್ಲೂ ಸೇರಿಕೊಂಡಿದೆ. ನಡೆದದ್ದು ಹಾಗಲ್ಲ. 180 ಡಾಬ್ಸನ್ ಮಾನಕ್ಕಿಂತ ಕೆಳಗಿನ ಅಂಕಿಗಳಿಗೆ ಸಾಫ್ಟ್‌ವೇರ್ 'ಅನುಮಾನ' ಎಂದು ಚೀಟಿ ಅಂಟಿಸಿ ಇಟ್ಟಿತ್ತು. ಚೀಟಿಗಳ ರಾಶಿ ಬೆಳೆದದ್ದನ್ನು ನಾಸಾದವರು ಗಮನಿಸಿಯೂ ಇದ್ದರು. ತಾಳೆ ನೋಡಲು ಹೋದಾಗ ದಕ್ಷಿಣ ಧ್ರುವದ ನೆಲದ ಉಪಕರಣ ಸುಮಾರು 300 ಎಂದು ತಪ್ಪು ಅಂಕಿ ತೋರಿಸುತ್ತಿತ್ತು. ಹಾಗಾಗಿ ತಮ್ಮ ಉಪಗ್ರಹದ ಮೇಲೆಯೇ ಅವರಿಗೆ ಶಂಕೆ ಬಂತು, ತಡವಾಯಿತು. ಬಿಸಾಡಿದ ಕಥೆಗಿಂತ ಈ ನಿಜಕಥೆಯೇ ಪ್ರೋಗ್ರಾಮರ್‌ಗೆ ಹೆಚ್ಚು ಉಪಯುಕ್ತ. ಚೀಟಿ ಅಂಟಿಸಿ ಮೂಲ ಅಂಕಿಯನ್ನು ಉಳಿಸಿಕೊಂಡಿದ್ದರಿಂದಲೇ ಆಮೇಲೆ ಇಡೀ ರಂಧ್ರದ ನಕ್ಷೆಯನ್ನು ಹಿಂದಿನ ವರ್ಷಗಳ ಸಮೇತ ಬಿಡಿಸಲು ಸಾಧ್ಯವಾಯಿತು.

ಅಳೆಯುವ ಯಂತ್ರದಿಂದ ನೀರು ಬಿಡುವ ಯಂತ್ರದ ಕಡೆ ಬಂದರೆ ದೋಷದ ಬೆಲೆ ಏರುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣ ಯೋಜನೆಯನ್ನು 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಪ್ರಧಾನಿ ಉದ್ಘಾಟಿಸಿದರು. ಸುಮಾರು 4,700 ಕೋಟಿ ರೂಪಾಯಿಯ ಯೋಜನೆ. ಕಾಲುವೆಯ ಸಾಮರ್ಥ್ಯ 10,000 ಕ್ಯೂಸೆಕ್, ಅಚ್ಚುಕಟ್ಟು ನಾಲ್ಕೂವರೆ ಲಕ್ಷ ಹೆಕ್ಟೇರ್, ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ 560 ಹಳ್ಳಿಗಳ ಮೂರು ಲಕ್ಷಕ್ಕೂ ಹೆಚ್ಚು ರೈತರು. ಗೇಟುಗಳನ್ನು ದೂರದಿಂದಲೇ ಗಮನಿಸಿ ನಿಯಂತ್ರಿಸುವ ಸ್ಕಾಡಾ ವ್ಯವಸ್ಥೆ ಈ ಕಾಲುವೆಗೆ ಬಂದಿದೆ. ನೀರಾವರಿ ಸಲಹಾ ಸಮಿತಿ ವಾರಬಂದಿಯನ್ನು, ಅಂದರೆ ನೀರು ಬಿಡುವ ಸರದಿಯನ್ನು, ನಿಗದಿ ಮಾಡುತ್ತದೆ, ಗೇಟುಗಳು ಅದರಂತೆ ಏರಿಳಿಯಬೇಕು. ಕೊನೆಯ ಭಾಗದ ರೈತರಿಗೆ ನೀರು ಮುಟ್ಟಿತೇ ಇಲ್ಲವೇ ಎಂಬುದು ಇಲ್ಲಿನ ಹಳೆಯ ಜಗಳ.

ಇಂಥ ವ್ಯವಸ್ಥೆಗಳಲ್ಲಿ ಗೇಟನ್ನು ಖುದ್ದಾಗಿ ಎತ್ತುವ ಕೆಲಸ ಅದಕ್ಕೆಂದೇ ಮಾಡಿದ ನಿಯಂತ್ರಕಗಳದ್ದು. ಸ್ಕ್ರಿಪ್ಟಿಂಗ್ ಭಾಷೆಗಳು ಸಾಮಾನ್ಯವಾಗಿ ಸುತ್ತಲಿನ ಕೆಲಸ ಮಾಡುತ್ತವೆ: ಅಂಕಿ ತರಿಸುವುದು, ವರದಿ ಮಾಡುವುದು, ಎಚ್ಚರಿಸುವುದು. ಆದರೂ ದೂರದ ಗೇಟಿನೊಡನೆ ಮಾತಾಡುವ ಕಷ್ಟಗಳು ಎರಡಕ್ಕೂ ಸಮಾನ. ಮೊದಲ ಕಷ್ಟ, ಉತ್ತರ ಬಾರದಿರುವುದು. ಪೈಥಾನ್‌ನಲ್ಲಿ ಜನ ಹೆಚ್ಚು ಬಳಸುವ 'ರಿಕ್ವೆಸ್ಟ್ಸ್' ಎಂಬ ಲೈಬ್ರರಿಗೆ ಎಷ್ಟು ಹೊತ್ತು ಕಾಯಬೇಕೆಂದು ನಾವಾಗಿ ಹೇಳದಿದ್ದರೆ, ಎದುರಿನವರು ಸಂಪರ್ಕ ಮುರಿಯದೆ ಸುಮ್ಮನೆ ಕೂತಲ್ಲಿ ಅದೂ ಕಾಯುತ್ತಲೇ ಕೂರುತ್ತದೆ. ದೋಷವೂ ಇಲ್ಲ, ಫಲಿತಾಂಶವೂ ಇಲ್ಲ. ಹತ್ತು ಸೆಕೆಂಡಿನ ಗಡುವು ಹಾಕಿದರೆ ಆ ಮೌನ ಒಂದು ಎಕ್ಸೆಪ್ಶನ್ ಆಗಿ ಕೈಗೆ ಸಿಗುತ್ತದೆ.

ಸಿಕ್ಕಮೇಲೆ ಮಾಡುವುದೇನು? ಮತ್ತೆ ಪ್ರಯತ್ನಿಸುವುದು. ಎರಡನೇ ಕಷ್ಟ ಇಲ್ಲಿದೆ. 'ಗೇಟನ್ನು ಇನ್ನೂ 10 ಸೆಂಟಿಮೀಟರ್ ಎತ್ತು' ಎಂಬ ಆಜ್ಞೆ ಹೋಯಿತು, ಗೇಟು ಎದ್ದಿತು, 'ಎತ್ತಿದೆ' ಎಂಬ ಉತ್ತರ ಮಾತ್ರ ದಾರಿಯಲ್ಲಿ ಕಳೆದುಹೋಯಿತು. ಸ್ಕ್ರಿಪ್ಟಿಗೆ ಕಂಡದ್ದು ವಿಫಲ ಪ್ರಯತ್ನ. ಅದು ಮತ್ತೆ ಕೇಳುತ್ತದೆ, ಗೇಟು 20 ಸೆಂಟಿಮೀಟರ್ ಏರಿರುತ್ತದೆ. ಮೂರನೇ ಸಲ 30. ಆಜ್ಞೆಯನ್ನೇ 'ಗೇಟು 40 ಸೆಂಟಿಮೀಟರ್ ತೆರೆದಿರಲಿ' ಎಂದು ಬದಲಿಸಿದರೆ ಹತ್ತು ಸಲ ಕಳಿಸಿದರೂ ಫಲ ಒಂದೇ. ಬ್ಯಾಂಕಿನ ಹಣ ವರ್ಗಾವಣೆಯಿಂದ ಹಿಡಿದು ರೈಲ್ವೆ ಟಿಕೆಟ್ಟಿನವರೆಗೆ ಇದೇ ಸಮಸ್ಯೆ. ಪ್ರತಿ ವಹಿವಾಟಿಗೂ ಬೇರೆ ಬೇರೆ ಗುರುತಿನ ಸಂಖ್ಯೆ ಕೊಡುವುದೂ, ಎರಡನೇ ಸಲ ಬಂದದ್ದನ್ನು ಬ್ಯಾಂಕು ಗುರುತಿಸಿ ಕೈಬಿಡುವುದೂ ಇದೇ ಕಾರಣಕ್ಕೆ.

ಮೂರನೆಯದು ಪ್ರೋಗ್ರಾಮರ್ ಒಬ್ಬರೇ ತೀರ್ಮಾನಿಸಲಾಗದ್ದು. ಸಂಪರ್ಕ ಪೂರ್ತಿ ಕಡಿದುಹೋದರೆ ಗೇಟು ಇದ್ದಲ್ಲೇ ಇರಬೇಕೋ, ಮುಚ್ಚಿಕೊಳ್ಳಬೇಕೋ? ಮುಚ್ಚಿಕೊಂಡರೆ ಮೇಲ್ಭಾಗದಲ್ಲಿ ನೀರು ಏರಿ ಕಾಲುವೆಯ ಏರಿ ಒಡೆಯಬಹುದು, ಕೆಳಗೆ ಭತ್ತದ ಗದ್ದೆ ಒಣಗಬಹುದು. ತೆರೆದೇ ಇದ್ದರೆ ಸರದಿ ಮುಗಿದ ಮೇಲೂ ನೀರು ಪೋಲಾಗಬಹುದು. 'ಎಕ್ಸೆಪ್ಟ್' ಎಂದು ಟೈಪ್ ಮಾಡಿದವರು ಮುಂದಿನ ಸಾಲಿನಲ್ಲಿ ಏನು ಬರೆಯಬೇಕೆಂದು ಕೇಳಬೇಕಾದದ್ದು ಕಂಪ್ಯೂಟರ್ ಪುಸ್ತಕವನ್ನಲ್ಲ, ಭೀಮರಾಯನಗುಡಿಯ ನೀರಾವರಿ ಎಂಜಿನಿಯರುಗಳನ್ನು.

ದೋಷದ ಸಂದೇಶ ದೋಷವಾಗಿಯೇ ತಲುಪಬೇಕು ಎಂಬುದಕ್ಕೆ ಅತಿ ದುಬಾರಿ ಉದಾಹರಣೆ 1996ರ ಜೂನ್ 4ರದ್ದು. ಯುರೋಪಿನ ಅರಿಯಾನ್-5 ರಾಕೆಟ್ಟಿನ ಮೊದಲ ಹಾರಾಟ. ಹಿಂದಿನ ಅರಿಯಾನ್-4ರಿಂದ ಎತ್ತಿಕೊಂಡ ಕೋಡಿನಲ್ಲಿ 64 ಬಿಟ್‌ನ ಸಂಖ್ಯೆಯೊಂದನ್ನು 16 ಬಿಟ್‌ಗೆ ಇಳಿಸುವ ಸಾಲಿತ್ತು. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32,767. ಹೊಸ ರಾಕೆಟ್ಟಿನ ಅಡ್ಡವೇಗ ಹೆಚ್ಚು, ಸಂಖ್ಯೆ ಹಿಡಿಸಲಿಲ್ಲ, ಎಕ್ಸೆಪ್ಶನ್ ಎದ್ದಿತು. ಹಿಡಿಯುವವರಿರಲಿಲ್ಲ. ದಿಕ್ಕು ಹೇಳುವ ಕಂಪ್ಯೂಟರ್ ನಿಂತುಹೋಯಿತು. ಅದರ ಬದಲಿಯಾಗಿ ಇಟ್ಟಿದ್ದ ಇನ್ನೊಂದೂ ಅದೇ ಕೋಡು ಓಡಿಸುತ್ತಿದ್ದರಿಂದ ಅದೂ ನಿಂತಿತ್ತು. ನಿಲ್ಲುವಾಗ ಮೊದಲ ಕಂಪ್ಯೂಟರ್ ಹೊರಹಾಕಿದ ದೋಷದ ವಿವರಗಳನ್ನು ಮುಖ್ಯ ಕಂಪ್ಯೂಟರ್ ಹಾರಾಟದ ಅಂಕಿಗಳೆಂದೇ ಭಾವಿಸಿ ರಾಕೆಟ್ಟನ್ನು ತಿರುಗಿಸಿತು. ಮೇಲೇರಿ ಸುಮಾರು 40 ಸೆಕೆಂಡಿನಲ್ಲಿ ರಾಕೆಟ್ಟು ಛಿದ್ರವಾಯಿತು. ಮಳೆಯ ಕಾಲಮ್ಮಿನಲ್ಲಿ 'ಅಂಕಿ ಬಂದಿಲ್ಲ' ಎನ್ನಲು -999 ಎಂದು ಬರೆದು, ಮುಂದೆ ಯಾರೋ ಅದನ್ನೇ ಕೂಡಿಸಿ ಸರಾಸರಿ ತೆಗೆಯುವುದು ಇದೇ ತಪ್ಪಿನ ಮರಿ.

ಎಕ್ಸೆಪ್ಶನ್ ಹಿಡಿಯಲು ಬಾರದ ಸಂಕಟಗಳೂ ಇವೆ. ಟ್ರೈ ಜೊತೆ 'ಫೈನಲಿ' ಎಂಬ ಭಾಗ ಬರೆದರೆ, ದೋಷ ಬರಲಿ ಬಿಡಲಿ, ಕೊನೆಗೆ ಅದು ಓಡಿಯೇ ಓಡುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಕರೆಂಟ್ ಹೋದರೆ ಓಡುವುದಿಲ್ಲ. ವರದಿಯ ಫೈಲು ಅರ್ಧ ಬರೆದಿರುವಾಗ ಕರೆಂಟ್ ಹೋಗಿ ಬಂದರೆ ಉಳಿಯುವುದು ಶಹಾಪುರದವರೆಗೆ ಮಾತ್ರ ಇರುವ ಪಟ್ಟಿ, ನೋಡಿದವರಿಗೆ ಅದು ಪೂರ್ತಿಯೆಂದೇ ಅನಿಸುತ್ತದೆ. ಆದ್ದರಿಂದ ಮೊದಲು ಬೇರೆ ಹೆಸರಿನಲ್ಲಿ ಪೂರ್ತಿ ಬರೆದು, ಡಿಸ್ಕಿಗೆ ಇಳಿದದ್ದು ಖಾತ್ರಿಯಾದ ಮೇಲೆ ಒಂದೇ ಏಟಿಗೆ ಹೆಸರು ಬದಲಿಸುವುದು ರೂಢಿ. ನೋಡುವವರಿಗೆ ಹಳೆಯ ಪೂರ್ತಿ ವರದಿ ಸಿಗುತ್ತದೆ, ಇಲ್ಲವೇ ಹೊಸ ಪೂರ್ತಿ ವರದಿ.

ಇಷ್ಟೆಲ್ಲ ಮಾಡಿದ ಸ್ಕ್ರಿಪ್ಟನ್ನು ದಿನವೂ ಬೆಳಿಗ್ಗೆ ತಾನೇ ಓಡುವಂತೆ ಲಿನಕ್ಸ್ ಯಂತ್ರಕ್ಕೆ ಒಪ್ಪಿಸಿದಾಗ ಕೊನೆಯದೊಂದು ತೂತು ಉಳಿಯುತ್ತದೆ. ಪ್ರೋಗ್ರಾಮ್ ಮುಗಿದಾಗ ಯಂತ್ರಕ್ಕೆ ಒಂದು ಸಂಖ್ಯೆ ಒಪ್ಪಿಸುತ್ತದೆ. ಸೊನ್ನೆಯಾದರೆ ಎಲ್ಲ ಸರಿ, ಬೇರೆ ಏನಾದರೂ ಆದರೆ ಎಡವಟ್ಟು. ಸ್ಕ್ರಿಪ್ಟಿನ ಮಾತುಗಳನ್ನು ಲಾಗ್ ಫೈಲಿಗೂ ಬರೆಸೋಣ ಎಂದು ಅದನ್ನು ಇನ್ನೊಂದು ಆಜ್ಞೆಗೆ ಪೈಪ್ ಮಾಡಿದರೆ, ಬ್ಯಾಶ್ ನೋಡುವುದು ಸಾಲಿನ ಕೊನೆಯ ಆಜ್ಞೆಯ ಸಂಖ್ಯೆಯನ್ನು ಮಾತ್ರ. ಲಾಗ್ ಬರೆಯುವ ಆಜ್ಞೆ ತನ್ನ ಕೆಲಸ ಸರಿಯಾಗಿ ಮುಗಿಸಿರುತ್ತದೆ, ಸೊನ್ನೆ ಒಪ್ಪಿಸುತ್ತದೆ. ಮೊದಲನೆಯದು ಸುರಪುರದಲ್ಲಿ ಸತ್ತು ಬಿದ್ದಿದ್ದರೂ ಯಂತ್ರದ ಪಾಲಿಗೆ ಎಲ್ಲ ಕ್ಷೇಮ. 'ಪೈಪ್‌ಫೇಲ್' ಎಂಬ ಆಯ್ಕೆಯನ್ನು ಒತ್ತಿ ಹೇಳಿದರೆ ಈ ತೂತು ಮುಚ್ಚುತ್ತದೆ.

ಸ್ಕ್ರಿಪ್ಟು ಓಡಲೇ ಇಲ್ಲದಿದ್ದರೆ? ಓಡದ ಪ್ರೋಗ್ರಾಮ್ ಎರರ್ ಕೊಡಲಾರದು. ಅದಕ್ಕೆಂದು ಮತ್ತೊಂದು ಪುಟ್ಟ ಸ್ಕ್ರಿಪ್ಟ್ ಬೇಕಾಗುತ್ತದೆ. ಅದರ ಕೆಲಸ ಇಷ್ಟೇ: ವರದಿಯ ಫೈಲಿನ ತಾರೀಖು ನೋಡುವುದು, ಎಂಟು ಗಂಟೆಯಾದರೂ ಇಂದಿನದು ಬಂದಿಲ್ಲವಾದರೆ ಕೂಗುವುದು. ಅದನ್ನು ಬೇರೆ ಕಂಪ್ಯೂಟರಿನಲ್ಲಿ ಇಡುತ್ತಾರೆ, ಬೇರೆ ಊರಿನಲ್ಲೇ ಇಟ್ಟರೆ ಇನ್ನೂ ವಾಸಿ. ಎರಡೂ ಒಂದೇ ಕೋಣೆಯಲ್ಲಿ ಒಂದೇ ಯುಪಿಎಸ್ ಮೇಲೆ ಕೂತಿದ್ದರೆ ಬ್ಯಾಟರಿ ಮುಗಿದ ದಿನ ಎರಡೂ ಒಟ್ಟಿಗೇ ಆರುತ್ತವೆ.